30 ವರ್ಷದ ಮೇಲೆ ಮತ್ತೆ ಜೇನು ಪೆಟ್ಟಿಗೆ: ಬೆಂಗಳೂರಿನ ತಾರಸಿ ಮೇಲೆ ನಾನು ಮಾಡಿದ್ದು, ಕೆಡಿಸಿದ್ದು

ನಮ್ಮೂರು ಸಾಗರದ ಹತ್ತಿರ. ಅಪ್ಪಯ್ಯನ ಅಡಿಕೆ ತೋಟದಲ್ಲಿ 14 ಜೇನು ಪೆಟ್ಟಿಗೆ ಇದ್ದವು. ಬೆಳಿಗ್ಗೆ ಶಾಲೆಗೆ ಹೋಗುವ ಮೊದಲು ಇರುವೆ ಹತ್ತದಂತೆ ಪೆಟ್ಟಿಗೆ ಕಾಲಿನ ಬಟ್ಟಲಿಗೆ ನೀರು ತುಂಬುವುದು ನನ್ನ ಪಾಲಿನ ಕೆಲಸ. ಡಿಗ್ರಿಗೆ ಬರುವ ಹೊತ್ತಿಗೆ ಪೆಟ್ಟಿಗೆ ತೆರೆಯುವುದರಿಂದ ಹಿಡಿದು ಜೇನುತುಪ್ಪ ತೆಗೆಯುವ ತನಕ ಎಲ್ಲ ನಾನೇ. ಆಮೇಲೆ 1991-92ರಲ್ಲಿ ಜೇನಿನ ಮರಿಗಳನ್ನು ಕೊಲ್ಲುವ ಥಾಯ್ ಸ್ಯಾಕ್‌ಬ್ರೂಡ್ ಅನ್ನುವ ವೈರಸ್ ರೋಗ ಬಂತು. ದಕ್ಷಿಣ ಭಾರತದ ತುಡುವೆಯಲ್ಲಿ, ಅಂದರೆ ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಿನ ಜೇನಿನಲ್ಲಿ, ಬಹುಪಾಲು ಅದರಲ್ಲೇ ಹೋಯಿತು. ನಮ್ಮ 14ರಲ್ಲಿ ಉಳಿದದ್ದು ಒಂದು. ಅಪ್ಪಯ್ಯ ಖಾಲಿ ಪೆಟ್ಟಿಗೆಗಳನ್ನು ಕೊಟ್ಟಿಗೆ ಅಟ್ಟಕ್ಕೆ ಹಾಕಿದರು. ನಾನು ಮದುವೆಯಾಗಿ ಬೆಂಗಳೂರಿಗೆ ಬಂದೆ.

2022ರಲ್ಲಿ ಬ್ಯಾಂಕಿನ ಕೆಲಸ ಬಿಟ್ಟ ಮೇಲೆ ಊರಿಗೆ ಹೋಗಿ ಆ ಅಟ್ಟ ಹತ್ತಿದೆ. ಈಗ ವಿದ್ಯಾರಣ್ಯಪುರದ ನಮ್ಮ ಮನೆ ತಾರಸಿ ಮೇಲೆ ಮೂರು ಪೆಟ್ಟಿಗೆ ಇವೆ. ನಡುವೆ ಒಂದು ಜೇನು ಕುಟುಂಬ (ಒಂದು ಪೆಟ್ಟಿಗೆಯ ರಾಣಿ, ಹುಳ ಎಲ್ಲ ಸೇರಿ) ನನ್ನ ಅವಸರಕ್ಕೇ ಹೋಯಿತು. ಅದನ್ನೂ ಹೇಳುತ್ತೇನೆ.

"ಹಿಂದೆ ಸಾಕಿದ್ದೆ, ಮತ್ತೆ ಶುರು ಮಾಡಬೇಕು" ಅನ್ನುವವರು ಈ ಊರಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಹಳ್ಳಿ ಬಿಟ್ಟು ಬಂದವರು, ರಿಟೈರ್ ಆದವರು. ಇದು ಅವರಿಗೆ. ಹೊಸಬರ ಕಥೆ ಬೇರೆ. ಅವರು ಹೆದರಿ ಹೆದರಿ ಮುಟ್ಟುತ್ತಾರೆ, ಹಾಗಾಗಿ ಕೆಡಿಸುವುದು ಕಡಿಮೆ. ನಮಗೆ ಕೈ ಮರೆತಿರುವುದಿಲ್ಲ, ಅದೇ ತೊಂದರೆ. ನನ್ನ ಕೈ ಕಲಿತದ್ದು ಮಲೆನಾಡಿನ ಮಳೆಗೆ, ಮಲೆನಾಡಿನ ಹೂವಿಗೆ. ಇಲ್ಲಿ ಅದರಲ್ಲಿ ಅರ್ಧ ನಡೆಯುತ್ತದೆ, ಅರ್ಧ ನಡೆಯುವುದಿಲ್ಲ. ಯಾವ ಅರ್ಧ ಅಂತ ತಿಳಿಯಲು ನನಗೆ ಎರಡು ವರ್ಷ ಬೇಕಾಯಿತು.

ಪೆಟ್ಟಿಗೆಗಿಂತ ಮೊದಲು ನಿಮ್ಮ ಮೈ

ಆಗ ದಿನಕ್ಕೆ ಐದಾರು ಹುಳ ಕಚ್ಚಿದರೂ ನನಗೆ ಲೆಕ್ಕವಿರಲಿಲ್ಲ. ಈಗಲೂ ಹಾಗೇ ಅಂದುಕೊಂಡಿದ್ದೆ. ಮೊದಲ ಸಲ ಮುಂಗೈಗೆ ಒಂದೇ ಒಂದು ಕಚ್ಚಿತು ನೋಡಿ, ಮೊಣಕೈ ತನಕ ಊದಿಕೊಂಡು ಮೂರು ದಿನ ಬಳೆ ಹಾಕಲು ಆಗಲಿಲ್ಲ.

ಊತ, ತುರಿಕೆ ಕಚ್ಚಿದ ಕಡೆ ಮಾತ್ರ ಇದ್ದರೆ ಹೆದರಬೇಡಿ. ಆದರೆ ಮೈಯೆಲ್ಲ ದದ್ದು ಎದ್ದರೆ, ತುಟಿ ನಾಲಿಗೆ ಊದಿದರೆ, ಉಸಿರು ಕಟ್ಟಿದಂತಾದರೆ, ತಲೆ ತಿರುಗಿದರೆ ಮನೆಮದ್ದು ಅಂತ ಕೂರಬೇಡಿ. ಸೀದಾ ಆಸ್ಪತ್ರೆಗೆ. ಅಲ್ಲಿ ಬೇಕಾಗುವುದು ಅಡ್ರಿನಾಲಿನ್ ಇಂಜೆಕ್ಷನ್, ಅರಿಶಿನ ಅಲ್ಲ. ವರ್ಷಗಟ್ಟಲೆ ಬಿಟ್ಟು ಮತ್ತೆ ಕಚ್ಚಿಸಿಕೊಂಡಾಗ ಮೈ ಹೇಗೆ ತೆಗೆದುಕೊಳ್ಳುತ್ತದೆ ಅಂತ ಮೊದಲೇ ಹೇಳಲು ಬರುವುದಿಲ್ಲ. ಬಿಪಿ, ಹೃದಯದ ಮಾತ್ರೆ ತೆಗೆದುಕೊಳ್ಳುವವರು, ಹಿಂದೆ ಒಮ್ಮೆ ಜೋರಾಗಿ ಆಗಿದ್ದವರು ಡಾಕ್ಟರ್ ಹತ್ತಿರ ಮಾತಾಡಿಯೇ ಮುಂದುವರಿಯಿರಿ. ಮೊದಲ ಕೆಲವು ಸಲ ಪೆಟ್ಟಿಗೆ ತೆರೆಯುವಾಗ ಮನೆಯಲ್ಲಿ ಇನ್ನೊಬ್ಬರು ಇರಲಿ.

ಕೊಂಡಿ ಚರ್ಮದಲ್ಲಿ ಉಳಿದಿದ್ದರೆ ಉಗುರಲ್ಲಿ ಕೂಡಲೇ ಕೆರೆದು ತೆಗೆಯಿರಿ. ಹೇಗೆ ತೆಗೆದಿರಿ ಅನ್ನುವುದಕ್ಕಿಂತ ಎಷ್ಟು ಬೇಗ ತೆಗೆದಿರಿ ಅನ್ನುವುದು ಮುಖ್ಯ. ಕಚ್ಚಿದ ಜಾಗದಿಂದ ಬರುವ ವಾಸನೆ ಬೇರೆ ಹುಳಗಳನ್ನೂ ಕೆರಳಿಸುತ್ತದೆ. ಅಲ್ಲಿಗೆ ಸ್ವಲ್ಪ ಹೊಗೆ ಬಿಟ್ಟರೆ ಸರಿಹೋಗುತ್ತದೆ.

ಇನ್ನೊಂದು ಕಣ್ಣಿನ ವಿಷಯ. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಕೋಶದ ತಳದಲ್ಲಿರುವ ಮೊಟ್ಟೆ ಅಂದರೆ ತುಂಡು ನೂಲಿನಷ್ಟು ಸಣ್ಣದು. 25ನೇ ವಯಸ್ಸಲ್ಲಿ ಒಂದು ನೋಟಕ್ಕೆ ಕಾಣುತ್ತಿತ್ತು. ಈಗ ಎರಿ, ಅಂದರೆ ಹುಳ ಕಟ್ಟಿದ ಮೇಣದ ತಟ್ಟೆ, ಹಿಡಿದು ಎಷ್ಟು ಬಗ್ಗಿದರೂ ಬರೀ ಕಪ್ಪು. ಓದುವ ಕನ್ನಡಕ ಹಾಕಿ ಮೇಲೆ ಮುಖಪರದೆ ಎಳೆದರೆ ಉಸಿರಿಗೆ ಗಾಜು ಮಬ್ಬಾಗುತ್ತದೆ. ಕೊನೆಗೆ ಮಗಳು ಹೇಳಿಕೊಟ್ಟ ಉಪಾಯವೇ ಉಳಿಯಿತು: ಬೆನ್ನಿಗೆ ಬಿಸಿಲು ಬರುವ ಹಾಗೆ ನಿಂತು, ಎರಿಯ ಫೋಟೋ ತೆಗೆದು, ಪೆಟ್ಟಿಗೆ ಮುಚ್ಚಿ, ಕೆಳಗೆ ಬಂದು ದೊಡ್ಡದು ಮಾಡಿ ನೋಡುವುದು. ಹುಳಗಳಿಗೂ ಇದೇ ಹಿತ. ಪೆಟ್ಟಿಗೆ ಬೇಗ ಮುಚ್ಚುತ್ತದಲ್ವಾ.

ಅಟ್ಟದ ಮೇಲಿದ್ದ ಪೆಟ್ಟಿಗೆ

ಆರು ಪೆಟ್ಟಿಗೆ ಕೆಳಗಿಳಿಸಿದೆ. ಎರಡಕ್ಕೆ ಗೆದ್ದಲು. ಎರಡರಲ್ಲಿ ಹಳೇ ಎರಿಗಳ ಜಾಗದಲ್ಲಿ ಬರೀ ಮೇಣದ ಹುಳುವಿನ (ಎರಿ ತಿನ್ನುವ ಪತಂಗ) ಬಲೆ, ಹಿಕ್ಕೆ. ಉಳಿದ ಎರಡು ಚೆನ್ನಾಗಿದ್ದವು. ಅಪ್ಪಯ್ಯ ಬಣ್ಣದಲ್ಲಿ ಬರೆದಿದ್ದ 7, 11 ಅನ್ನುವ ನಂಬರ್ ಕೂಡ ಹಾಗೇ ಇತ್ತು.

ಹಳೇ ಎರಿ ಎಷ್ಟೇ ಚೆನ್ನಾಗಿ ಕಂಡರೂ ಇಟ್ಟುಕೊಳ್ಳಬೇಡಿ. ಸುಟ್ಟುಬಿಡಿ. ಮರದ ಭಾಗವನ್ನು ಕೆರೆದು, ವಾಷಿಂಗ್ ಸೋಡಾ ಹಾಕಿದ ಬಿಸಿನೀರಲ್ಲಿ ಉಜ್ಜಿ, ಒಂದು ವಾರ ಬಿಸಿಲಿಗೆ ಇಡಿ. ಪಂಕ್ಚರ್ ಅಂಗಡಿಯವರ ಹತ್ತಿರ ಇರುವಂಥ ಬೆಂಕಿ ಟಾರ್ಚ್ ಸಿಕ್ಕಿದರೆ ಒಳಗೋಡೆಗೆ ತುಸು ಕಂದು ಬರುವಷ್ಟು ಆಡಿಸಿ. ಬಣ್ಣ ಹೊರಗೆ ಮಾತ್ರ.

ಒಂದು ಎಚ್ಚರಿಕೆ. ನಮ್ಮದು ನ್ಯೂಟನ್ ಅನ್ನುವ ಹಳೇ ಮಾದರಿಯ ಪೆಟ್ಟಿಗೆ. ಬೆಂಗಳೂರಲ್ಲಿ ಎರಿ ಕಟ್ಟಿಸುವ ಹೊಸ ಮರದ ಚೌಕಟ್ಟು ತಂದರೆ ಅದು ಐಎಸ್‌ಐ, ಅಂದರೆ ಸರ್ಕಾರಿ ಮಾನಕದ, ಅಳತೆಯದು. ನೋಡಲು ಒಂದೇ ಥರ, ಇಳಿಸಲು ಹೋದರೆ ಸಿಕ್ಕಿಕೊಳ್ಳುತ್ತದೆ. ನಾನು ಅಂಚು ಕೆತ್ತಿಸಿ ಹೇಗೋ ಕೂರಿಸಿದೆ. ಅದು ತಪ್ಪಾಯಿತು. ಚೌಕಟ್ಟಿಗೂ ಗೋಡೆಗೂ ನಡುವೆ ಒಂದು ಹುಳ ಓಡಾಡುವಷ್ಟು, ಸುಮಾರು 8 ಮಿಲಿಮೀಟರ್ ಜಾಗ ಬೇಕು. ಕಡಿಮೆಯಾದರೆ ಅಂಟಿಸಿಬಿಡುತ್ತವೆ, ಜಾಸ್ತಿಯಾದರೆ ಅಲ್ಲೇ ಅಡ್ಡ ಎರಿ ಕಟ್ಟುತ್ತವೆ. ಈಗ ಎಲ್ಲವೂ ಐಎಸ್‌ಐ ಎ ಮಾದರಿ, ಎಂಟು ಚೌಕಟ್ಟಿನದು. ನಂಬರ್ 7ನ್ನು ಸಾಮಾನು ಇಡಲು ಬಳಸುತ್ತೇನೆ. ಚೌಕಟ್ಟಿಗೆ ಹಾಕುವ ಮೇಣದ ಹಾಳೆ ಕೊಳ್ಳುವಾಗಲೂ ತುಡುವೆಯದು ಅಂತ ಹೇಳಿಯೇ ಕೇಳಿ. ಮೆಲ್ಲಿಫೆರಾ (ಹೊರದೇಶದಿಂದ ತಂದ ಜೇನಿನ ಜಾತಿ) ಹಾಳೆಯ ಕೋಶ ದೊಡ್ಡದು, ನಮ್ಮ ಹುಳಕ್ಕೆ ಆಗುವುದಿಲ್ಲ.

ಯಾವ ಜೇನು, ಎಲ್ಲಿಂದ

ತಾರಸಿಗೆ ನನ್ನ ಮತ ತುಡುವೆಗೆ. ಮೆಲ್ಲಿಫೆರಾ ತುಪ್ಪ ಜಾಸ್ತಿ ಕೊಡುತ್ತದೆ ನಿಜ. ಆದರೆ ಅದಕ್ಕೆ ಹೂವು ಹುಡುಕಿಕೊಂಡು ಊರೂರಿಗೆ ಪೆಟ್ಟಿಗೆ ಸಾಗಿಸಬೇಕು, ವರೋವ ಉಣ್ಣೆ ಹಿಡಿದರೆ ಔಷಧಿ ಮಾಡಬೇಕು. ತುಡುವೆ ಆ ಉಣ್ಣೆಯನ್ನು ಬಹುಮಟ್ಟಿಗೆ ತಾನೇ ಕೊಡವಿಕೊಳ್ಳುತ್ತದೆ. ಕಚ್ಚಿಸಿಕೊಳ್ಳುವುದು ಬೇಡವೇ ಬೇಡ ಅನ್ನುವವರಿಗೆ ಮುಜಂಟಿ ಇದೆ. ಕೊಂಡಿಯಿಲ್ಲದ ಸಣ್ಣ ಹುಳ, ಬಿದಿರಿನ ತುಂಡಲ್ಲೋ ಮಣ್ಣಿನ ಮಡಕೆಯಲ್ಲೋ ಇರುತ್ತದೆ. ತುಪ್ಪ ಸಿಗುವುದು ವರ್ಷಕ್ಕೆ ಬಟ್ಟಲಷ್ಟು.

ಹೆಜ್ಜೇನಿನ ಆಸೆ ಇಟ್ಟುಕೊಳ್ಳಬೇಡಿ. ಅದು ಪೆಟ್ಟಿಗೆಯಲ್ಲಿ ಕೂರುವ ಜಾತಿಯಲ್ಲ. "ನಮ್ಮ ಅಪಾರ್ಟ್‌ಮೆಂಟ್ ಒಂಬತ್ತನೇ ಮಹಡಿಯಲ್ಲಿ ಕಟ್ಟಿದೆ, ತಗೊಂಡು ಹೋಗಿ ಸಾಕಿ" ಅಂತ ನನಗೆ ವರ್ಷಕ್ಕೆ ನಾಲ್ಕು ಫೋನ್ ಬರುತ್ತವೆ.

ಶುರುವಿಗೆ ಮುಂಚೆ ಜಿಕೆವಿಕೆಗೆ ಹೋಗಿಬನ್ನಿ. ಕೃಷಿ ವಿಶ್ವವಿದ್ಯಾಲಯದಲ್ಲಿ ಜೇನಿನ ವಿಭಾಗವೇ ಇದೆ, ತರಬೇತಿಯೂ ಕೊಡುತ್ತಾರೆ. ನನಗೆಲ್ಲ ಗೊತ್ತು ಅಂತ ಮೊದಲ ಸಲ ಹೋಗಲಿಲ್ಲ. ಎರಡನೇ ಸಲ ಹೋಗಿ 22 ವರ್ಷದ ಹುಡುಗರ ಜೊತೆ ಕೂತೆ. ಕೂತದ್ದಕ್ಕೆ ಲಾಭವಾಯಿತು. ಪೆಟ್ಟಿಗೆಗೆ ಸಹಾಯಧನ ಬೇಕಿದ್ದರೆ ನಿಮ್ಮ ತಾಲ್ಲೂಕಿನ ತೋಟಗಾರಿಕೆ ಇಲಾಖೆಯಲ್ಲಿ ಕೇಳಿ.

ಕುಟುಂಬ ಕೊಳ್ಳಲು ಒಳ್ಳೆಯ ಕಾಲ ನವೆಂಬರ್‌ನಿಂದ ಜನವರಿ. ಮುಂದೆ ಹೂವಿನ ಕಾಲವಿರುತ್ತದೆ. ಸಾಕುವವರ ತೋಟಕ್ಕೇ ಹೋಗಿ ಪೆಟ್ಟಿಗೆ ತೆರೆಸಿ ನೋಡಿ. ನಾಲ್ಕೈದು ಎರಿ ತುಂಬ ಹುಳ ಮುಚ್ಚಿಕೊಂಡಿರಬೇಕು, ಮೊಟ್ಟೆ ಇರಬೇಕು, ಮುಚ್ಚಿದ ಮರಿ ಇರಬೇಕು. ಮರಿಗಳ ನಡುವೆ ಕೋಶದಿಂದ ತಲೆ ಮೇಲೆತ್ತಿ ದೋಣಿಯ ಆಕಾರದಲ್ಲಿ ಸತ್ತ ಹುಳು ಕಂಡರೆ ಒಂದನ್ನು ಚಿಮುಟದಲ್ಲಿ ಎಳೆಯಿರಿ. ನೀರು ತುಂಬಿದ ಸಣ್ಣ ಚೀಲದ ಹಾಗೆ ಇಡಿಯಾಗಿ ಬಂದರೆ ಅದೇ ಸ್ಯಾಕ್‌ಬ್ರೂಡ್. ಎಷ್ಟು ಕಡಿಮೆ ದುಡ್ಡಿಗೆ ಕೊಡುತ್ತೇನೆ ಅಂದರೂ ಬೇಡ. ಅದಕ್ಕೆ ಇಂದಿಗೂ ಔಷಧಿ ಇಲ್ಲ. ನನಗೆ ಆ ಚೀಲ 1992ರಿಂದ ಕಣ್ಣಲ್ಲೇ ಕೂತಿದೆ, ಯಾರ ಪೆಟ್ಟಿಗೆ ತೆರೆದರೂ ಮೊದಲು ಹುಡುಕುವುದು ಅದನ್ನೇ.

ಸಾಗಿಸುವುದು ರಾತ್ರಿ. ಎಲ್ಲ ಹುಳ ಒಳಗೆ ಬಂದ ಮೇಲೆ ಬಾಗಿಲಿಗೆ ಜಾಲರಿ ಹೊಡೆದು, ಚೌಕಟ್ಟು ಅಲುಗಾಡದಂತೆ ಪಕ್ಕಕ್ಕೆ ಚಕ್ಕೆ ಸಿಕ್ಕಿಸಿ. ನಾನು ಕನಕಪುರದ ಕಡೆಯಿಂದ ಕಾರಿನ ಹಿಂದಿನ ಸೀಟಲ್ಲಿ ತಂದೆ. ನಮ್ಮನೆಯವರು ದಾರಿಯುದ್ದಕ್ಕೂ ಹಂಪ್ ಎಣಿಸಿದರು.

ತಾರಸಿಯಲ್ಲಿ ಜಾಗ

ಬೆಳಗಿನ ಬಿಸಿಲು ಬೀಳಬೇಕು, ಮಧ್ಯಾಹ್ನದ್ದು ಬೀಳಬಾರದು. ಬಾಗಿಲು ಪೂರ್ವಕ್ಕೆ ಅಥವಾ ಆಗ್ನೇಯಕ್ಕೆ. ತೋಟದಲ್ಲಿ ಮರದ ನೆರಳು ಇರುತ್ತಿತ್ತು, ಇಲ್ಲಿ ಏಪ್ರಿಲ್ ತಿಂಗಳಲ್ಲಿ ಸಿಮೆಂಟು ಹೆಂಚಿನಂತೆ ಕಾಯುತ್ತದೆ. ಹಸಿರು ಶೇಡ್ ನೆಟ್ ಕಟ್ಟಿ, ಮುಚ್ಚಳದ ಮೇಲೆ ತೋಯಿಸಿದ ಗೋಣಿಚೀಲ ಹಾಕಿ. ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲು ಹಳೇ ಪಾಠವೇ. ಒಂದು ಎಲೆ ಅಡ್ಡ ಬಿದ್ದರೂ ಸಾಕು, ಇರುವೆಗೆ ಸೇತುವೆ ಸಿಕ್ಕ ಹಾಗೆ.

ಬಾಗಿಲ ಮುಂದೆ ಐದಾರು ಅಡಿ ದೂರದಲ್ಲಿ ಆಳೆತ್ತರಕ್ಕೆ ಬಟ್ಟೆಯನ್ನೋ ಬಳ್ಳಿಯನ್ನೋ ಅಡ್ಡ ಕಟ್ಟಿ. ಹುಳಗಳು ಅದನ್ನು ದಾಟಲು ಮೇಲೆ ಏರುತ್ತವೆ, ಹಾರುವ ದಾರಿ ಜನರ ತಲೆಗಿಂತ ಮೇಲಾಗುತ್ತದೆ. ಪಕ್ಕದ ಮನೆಯವರ ಟ್ಯೂಬ್‌ಲೈಟ್ ನಿಮ್ಮ ಪೆಟ್ಟಿಗೆ ಬಾಗಿಲಿಗೆ ನೇರ ಕಾಣಬಾರದು. ರಾತ್ರಿ ಬೆಳಕಿಗೆ ಹೋಗಿ ಅವರ ಅಡುಗೆಮನೆಯಲ್ಲಿ ಬಿದ್ದಿರುತ್ತವೆ. ಊರಲ್ಲಿ ಈ ಸಮಸ್ಯೆಯೇ ಇರಲಿಲ್ಲ, ಕರೆಂಟು ಇರುತ್ತಿದ್ದುದೇ ಅಪರೂಪ.

ನೀರು ಮಾತ್ರ ಮೊದಲ ದಿನದಿಂದಲೇ ಇಡಿ. ಅಗಲದ ಮಣ್ಣಿನ ತಟ್ಟೆ, ಅದರ ತುಂಬ ಬೆಣಚುಕಲ್ಲು, ಕಲ್ಲಿನ ತಲೆ ಕಾಣುವಷ್ಟು ನೀರು. ತಡಮಾಡಿ ಇಟ್ಟರೆ ಅಷ್ಟರೊಳಗೆ ಎದುರು ಮನೆಯ ತೊಟ್ಟಿಕ್ಕುವ ನಲ್ಲಿ ಅವಕ್ಕೆ ರೂಢಿಯಾಗಿರುತ್ತದೆ. ಆಮೇಲೆ ಬಿಡಿಸುವುದು ಕಷ್ಟ.

ಒಂಬತ್ತು ದಿನಕ್ಕೆ ಖಾಲಿಯಾದ ಪೆಟ್ಟಿಗೆ

ಕನಕಪುರದಿಂದ ತಂದ ಮೊದಲ ಕುಟುಂಬ ತುಂಬ ಚೆನ್ನಾಗಿತ್ತು. ಐದು ಎರಿ ಹುಳ. 30 ವರ್ಷದ ಆಸೆ ನನ್ನದು. ಮಾರನೇ ದಿನ ತೆರೆದೆ, ಸುಮ್ನೆ ನೋಡಲು. ಮೂರನೇ ದಿನ ರಾಣಿ ಕಂಡಿಲ್ಲ ಅಂತ ತೆರೆದೆ. ನಾಲ್ಕನೇ ದಿನ ತಂಗಿ ಬಂದಳು, ಅವಳಿಗೆ ತೋರಿಸಲು ತೆರೆದೆ. ಆರನೇ ದಿನ ಒಂದು ಎರಿ ವಾರೆ ಅನ್ನಿಸಿ ಸರಿಮಾಡಿದೆ. ಪ್ರತಿ ಸಲ ಹೊಗೆ, ಪ್ರತಿ ಸಲ ಬೆಳಕು.

ಎಂಟನೇ ದಿನ ಪರಾಗ ಹೊತ್ತು ಬರುವ ಹುಳ ಕಡಿಮೆಯಾಗಿದ್ದವು. ನೋಡಿದೆ, ಆದರೆ ತಲೆಗೆ ಹೋಗಲಿಲ್ಲ. ಒಂಬತ್ತನೇ ದಿನ ಬೆಳಿಗ್ಗೆ ಹತ್ತೂವರೆಗೆ ಬಟ್ಟೆ ಒಣಹಾಕುತ್ತಿದ್ದೆ. ಪೆಟ್ಟಿಗೆ ಬಾಯಿಂದ ನೀರು ಸುರಿದ ಹಾಗೆ ಹುಳ ಹೊರಗೆ ಬಂದವು. ತಾರಸಿ ತುಂಬ ಒಂದು ಸುತ್ತು ಹೊಡೆದವು, ಎದುರಿನ ಸಿಲ್ವರ್ ಓಕ್ ಮರದ ತುದಿಯಲ್ಲಿ ಕೂತವು. ಕೈಗೆ ಎಟುಕುವ ಎತ್ತರವಲ್ಲ. ಹನ್ನೆರಡಕ್ಕೆ ಅಲ್ಲಿಂದಲೂ ಎದ್ದು ಯಲಹಂಕದ ಕಡೆ ಹೋದವು. ಪೆಟ್ಟಿಗೆಯಲ್ಲಿ ಉಳಿದದ್ದು ಒಣಗಿದ ಎರಿ, ತಣ್ಣಗಾದ ಒಂದು ಹಿಡಿ ಮರಿ.

ರಾತ್ರಿ ತಮ್ಮನಿಗೆ ಫೋನ್ ಮಾಡಿದೆ. ಅವನು ಊರಲ್ಲೇ ಇರುವವನು. "ಅಕ್ಕಾ, ಹೊಸ ಮನೆಗೆ ಬಂದವರ ಬಾಗಿಲನ್ನು ದಿನಾ ಹೋಗಿ ತಟ್ಟಿದರೆ ಅವರು ಇರ್ತಾರಾ? ಅಪ್ಪಯ್ಯ ವಾರ ಮುಟ್ಟುತ್ತಿರಲಿಲ್ಲ, ಮರೆತೆಯಾ?" ಅಂದ. ಮರೆತಿದ್ದೆ. ಪೆಟ್ಟಿಗೆ ತೆರೆಯುವುದು ನನ್ನ ಕೈಗೆ ನೆನಪಿತ್ತು. ತೆರೆಯದೆ ಇರುತ್ತಿದ್ದದ್ದು ಅಪ್ಪಯ್ಯ, ಅದನ್ನು ನಾನು ಕಲಿತೇ ಇರಲಿಲ್ಲ.

ಈಗ ಹೀಗೆ ಮಾಡುತ್ತೇನೆ. ರಾತ್ರಿ ತಂದು ಇಟ್ಟು ಜಾಲರಿ ತೆಗೆದ ಮೇಲೆ ಬಾಗಿಲಿಗೆ ರಾಣಿ ತಡೆ ಹಾಕುತ್ತೇನೆ. ಅದರ ಸಂದಿಯಲ್ಲಿ ಕೆಲಸದ ಹುಳ ಓಡಾಡುತ್ತವೆ, ರಾಣಿ ಹೊರಗೆ ಬರಲು ಆಗುವುದಿಲ್ಲ. ನಾಲ್ಕೈದು ದಿನಕ್ಕೆ ತೆಗೆಯುತ್ತೇನೆ. ಇನ್ನೂ ಗಂಡಿನ ಜೊತೆ ಕೂಡದ ಹೊಸ ರಾಣಿ ಇರುವ ಪೆಟ್ಟಿಗೆಗೆ ಇದನ್ನು ಹಾಕಬಾರದು. ಸಂಜೆ ಸ್ವಲ್ಪ ಸಕ್ಕರೆ ನೀರು ಕೊಡುತ್ತೇನೆ. ಹತ್ತು ದಿನ ಮುಚ್ಚಳ ಮುಟ್ಟುವುದಿಲ್ಲ. ಕುರ್ಚಿ ಹಾಕಿಕೊಂಡು ಕಾಫಿ ಲೋಟ ಹಿಡಿದು ಬಾಗಿಲು ನೋಡುತ್ತೇನೆ.

ಬಾಗಿಲಲ್ಲೇ ಬಹಳಷ್ಟು ತಿಳಿಯುತ್ತದೆ. ಹಿಂಗಾಲಿಗೆ ಪರಾಗದ ಉಂಡೆ ಕಟ್ಟಿಕೊಂಡು ಹುಳ ಬರುತ್ತಿದ್ದರೆ ಒಳಗೆ ಮರಿ ಇದೆ, ಅಂದರೆ ರಾಣಿ ಮೊಟ್ಟೆ ಇಡುತ್ತಿದೆ ಅಂತ. ಬಾಗಿಲ ಮುಂದೆ ಜಗಳ, ಉರುಳಾಟ ಇದ್ದರೆ ಬೇರೆ ಗೂಡಿನವು ಕದಿಯಲು ಬಂದಿವೆ. ಮಧ್ಯಾಹ್ನ ಒಂದಷ್ಟು ಎಳೆ ಹುಳ ಬಾಗಿಲ ಕಡೆಗೇ ಮುಖ ಮಾಡಿ ಹಿಂದೆ ಮುಂದೆ ತೇಲುತ್ತಿದ್ದರೆ ಗಾಬರಿಯಾಗಬೇಡಿ. ಮನೆಯ ಗುರುತು ಹಿಡಿಯುತ್ತಿರುತ್ತವೆ.

ತೆರೆಯುವ ದಿನ

ಮೋಡವಿಲ್ಲದ, ಗಾಳಿಯಿಲ್ಲದ ಬೆಳಿಗ್ಗೆ ಹತ್ತರ ಸುಮಾರಿಗೆ. ಡಿಸೆಂಬರ್ ಚಳಿಯಲ್ಲಿ ಇನ್ನೂ ತಡವಾಗಿ. ಸೆಂಟು, ಮಲ್ಲಿಗೆ ಹೂವು, ಕಪ್ಪು ಬಟ್ಟೆ ಬೇಡ. ಹೊಗೆ ತಿದಿಗೆ ಒಣಗಿದ ತೆಂಗಿನ ನಾರು ಸಾಕು. ಅಂಗೈ ಹಿಡಿದರೆ ತಣ್ಣಗಿನ ಹೊಗೆ ಇರಬೇಕು, ಬಿಸಿ ಇರಬಾರದು. ಬಾಗಿಲಿಗೆ ಎರಡು ಸಲ ಊದಿ ಒಂದು ನಿಮಿಷ ಸುಮ್ಮನಿರಿ. ಊರಲ್ಲಿ ನಾವು ಹೊಗೆ ಜಾಸ್ತಿಯೇ ಹಾಕುತ್ತಿದ್ದೆವು. ತುಡುವೆಗೆ ಅಷ್ಟು ಬೇಡ, ಹೆಚ್ಚು ಹಾಕಿದರೆ ಓಡಾಡಲು ಶುರುಮಾಡುತ್ತವೆ.

ಅಂಚಿನ ಚೌಕಟ್ಟನ್ನು ಮೊದಲು ತೆಗೆದು ಪಕ್ಕಕ್ಕಿಡಿ. ಆಗ ಉಳಿದವನ್ನು ಸರಿಸಲು ಜಾಗ ಸಿಗುತ್ತದೆ. ಎರಿಯನ್ನು ನೇರ ಮೇಲಕ್ಕೆ, ಹಾಲಿನ ಪಾತ್ರೆ ಇಳಿಸುವಷ್ಟು ನಿಧಾನಕ್ಕೆ ಎತ್ತಿ. ಹೊಸ ಎರಿಯನ್ನು ಮಲಗಿಸಬೇಡಿ, ಬಿಸಿಲಿಗೆ ಮೆತ್ತಗಾಗಿ ಕಳಚಿ ಬೀಳುತ್ತದೆ.

ರಾಣಿಯನ್ನು ಹುಡುಕುವ ಚಟ ಬಿಡಿ. ಮೊಟ್ಟೆ ಕಂಡರೆ ಸಾಕು. ಇಟ್ಟ ದಿನ ಮೊಟ್ಟೆ ಕೋಶದ ತಳದಲ್ಲಿ ನೆಟ್ಟಗೆ ನಿಂತಿರುತ್ತದೆ, ಎರಡನೇ ದಿನ ವಾಲುತ್ತದೆ, ಮೂರನೇ ದಿನ ಮಲಗುತ್ತದೆ. ಆಮೇಲೆ ಒಡೆಯುತ್ತದೆ. ನಿಂತ ಮೊಟ್ಟೆ ಇದೆ ಅಂದರೆ ರಾಣಿ ಹೆಚ್ಚುಕಡಿಮೆ ನಿನ್ನೆ ಅಲ್ಲಿ ಇತ್ತು ಅಂತ ಲೆಕ್ಕ.

ಎರಿಯ ಕೆಳಗಂಚಲ್ಲಿ ಎತ್ತರದ ಟೋಪಿಯ ಹಾಗೆ ಮುಚ್ಚಿದ ಕೋಶ ಕಂಡರೆ ಅವು ಗಂಡುಹುಳದವು. ತುಡುವೆಯಲ್ಲಿ ಆ ಟೋಪಿಯ ತುದಿಗೆ ಸೂಜಿ ಚುಚ್ಚಿದಂಥ ತೂತು ಇರುತ್ತದೆ. ನನ್ನ ಜೊತೆ ತರಬೇತಿಗೆ ಬಂದಿದ್ದವರೊಬ್ಬರು ಅದನ್ನು ರೋಗ ಅಂತ ಹೆದರಿ ಕಿತ್ತುಹಾಕಿದ್ದರು. ರೋಗವಲ್ಲ, ಅದು ಇರುವುದೇ ಹಾಗೆ. ಶೇಂಗಾ ಕಾಯಿಯಂತೆ ಕೆಳಮುಖವಾಗಿ ತೂಗುವುದು ರಾಣಿ ಕೋಶ. ಇಲ್ಲಿ ಜನವರಿಯಿಂದ ಮಾರ್ಚ್ ಒಳಗೆ ಅದು ಕಂಡರೆ ಕುಟುಂಬ ಪಾಲಾಗಲು ಹೊರಟಿದೆ ಅಂತ ಅರ್ಥ. ಹಳೇ ರಾಣಿ ಮತ್ತು ಅರ್ಧ ಹುಳವನ್ನು ನೀವೇ ಇನ್ನೊಂದು ಪೆಟ್ಟಿಗೆಗೆ ಮಾಡಿ, ಒಳ್ಳೆಯ ಕೋಶ ಒಂದನ್ನು ಹಳೇ ಪೆಟ್ಟಿಗೆಯಲ್ಲಿ ಬಿಡಿ. ಈ ಕೆಲಸ ನನ್ನ ಕೈ ಮರೆತಿರಲಿಲ್ಲ. ಕೋಶ ಉಳಿಸಿ ಉಳಿದವನ್ನು ಚಿವುಟುವಾಗ ಅಪ್ಪಯ್ಯನ ಹಾಗೆಯೇ ನಾಲಿಗೆ ಹೊರಗೆ ಬಂದಿತ್ತಂತೆ, ನಮ್ಮನೆಯವರು ಹೇಳಿದರು.

ಒಟ್ಟು ಹತ್ತು ನಿಮಿಷದಲ್ಲಿ ಮುಚ್ಚಿ. ಹೂವಿನ ಕಾಲದಲ್ಲಿ ವಾರಕ್ಕೊಮ್ಮೆ, ಬೇರೆ ಕಾಲದಲ್ಲಿ ಎರಡು ವಾರಕ್ಕೊಮ್ಮೆ.

ಇಲ್ಲಿಯ ಹೂವು, ಇಲ್ಲಿಯ ಮಳೆ

ಅಪ್ಪಯ್ಯನ ಲೆಕ್ಕ ಸರಳ. ಜೂನ್ ತಿಂಗಳಲ್ಲಿ ಮಳೆ ಹಿಡಿಯಿತು, ಸಕ್ಕರೆ ನೀರು ಶುರು. ನವರಾತ್ರಿ ಬಂತು, ನಿಲ್ಲಿಸು. ನಾನೂ ಸೆಪ್ಟೆಂಬರ್ ಕೊನೆಗೆ ನಿಲ್ಲಿಸಿದೆ. ಬೆಂಗಳೂರಲ್ಲಿ ಜೋರು ಮಳೆ ಬರುವುದೇ ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ ಅನ್ನುವುದು ಇಷ್ಟು ವರ್ಷ ಇಲ್ಲಿದ್ದೂ ನನಗೆ ಹೊಳೆಯಲಿಲ್ಲ. ಕೊಡೆ ಹಿಡಿದು ಬ್ಯಾಂಕಿಗೆ ಹೋಗಿದ್ದೇನೆ, ಜೇನಿನ ಕಣ್ಣಲ್ಲಿ ನೋಡಿರಲಿಲ್ಲ. ಹದಿನೈದು ದಿನದಲ್ಲಿ ಕುಟುಂಬ ಐದು ಎರಿಯಿಂದ ಎರಡೂವರೆಗೆ ಇಳಿಯಿತು. ಈಗ ದೀಪಾವಳಿ ತನಕ ಕೊಡುತ್ತೇನೆ. ಪೆಟ್ಟಿಗೆಯಲ್ಲಿ ತುಪ್ಪದ ಅಂಚು ಕಂಡ ಮೇಲೇ ನಿಲ್ಲಿಸುವುದು.

ಬಿಳಿ ಸಕ್ಕರೆ ಒಂದು ಲೋಟ, ನೀರು ಒಂದು ಲೋಟ. ಬೆಲ್ಲ ಬೇಡ, ಹೊಟ್ಟೆ ಕೆಡುತ್ತದೆ. ಅಂಗಡಿಯ ಜೇನುತುಪ್ಪವೂ ಬೇಡ, ಎಲ್ಲಿಯದೋ ರೋಗ ಬರಬಹುದು. ಕತ್ತಲಾದ ಮೇಲೆ ಪೆಟ್ಟಿಗೆ ಒಳಗೇ ಇಡಿ. ತೆಂಗಿನ ಚಿಪ್ಪಿನಲ್ಲಿ ಇಟ್ಟು ನಾಲ್ಕು ಕಡ್ಡಿ ತೇಲಿಬಿಟ್ಟರೆ ಹುಳ ಮುಳುಗುವುದಿಲ್ಲ. ಹಗಲು ಕೊಟ್ಟರೆ, ಹೊರಗೆ ಚೆಲ್ಲಿದರೆ ಬೀದಿಯ ಜೇನೆಲ್ಲ ಕದಿಯಲು ಬರುತ್ತದೆ.

ಹೂವಿನ ಮಟ್ಟಿಗೆ ಈ ಊರು ನಾನು ಅಂದುಕೊಂಡದ್ದಕ್ಕಿಂತ ಚೆನ್ನಾಗಿದೆ. ಯುಗಾದಿ ಹೊತ್ತಿಗೆ ಹೊಂಗೆ. ನಮ್ಮ ಬೀದಿಯಲ್ಲೇ ಹನ್ನೊಂದು ಹೊಂಗೆ ಮರ ಇವೆ. ಬೆಳಿಗ್ಗೆ ಅದರ ಕೆಳಗೆ ಹಾಲು ತರಲು ಹೋದರೆ ಮೇಲಿಂದ ಝೇಂಕಾರ. ಅದೇ ಕಾಲಕ್ಕೆ ಬೇವು, ನೇರಳೆ, ಮಳೆಮರ. ಆಮೇಲೆ ಹುಣಸೆ. ಊರಾಚೆ ಹೊಲದಲ್ಲಿ ಹುಚ್ಚೆಳ್ಳು ಬಿತ್ತಿದ್ದರೆ ಅಕ್ಟೋಬರ್, ನವೆಂಬರಲ್ಲಿ ಅದು. ತೆಂಗು ವರ್ಷವಿಡೀ ಪರಾಗ ಕೊಡುತ್ತದೆ, ನುಗ್ಗೆಯೂ ಒಳ್ಳೆಯದು. ನೋಡಲು ಚಂದ ಇರುವುದೆಲ್ಲ ಊಟವಲ್ಲ. ಬೋಗನ್‌ವಿಲ್ಲಾ ಗೇಟಿನ ತುಂಬ ಹಬ್ಬಿದ್ದರೂ ನನ್ನ ಹುಳ ಅತ್ತ ತಿರುಗಿ ನೋಡಿಲ್ಲ. ಅದರ ಬದಲು ಎರಡು ಕುಂಡ ಕಾಮಕಸ್ತೂರಿ, ಒಂದು ಕೋರಲ್ ವೈನ್ ಬಳ್ಳಿ ಹಾಕಿಕೊಳ್ಳಿ.

ಮಳೆಗಾಲದ ಇನ್ನೊಂದು ಶತ್ರು ಮೇಣದ ಹುಳು. ಹುಳ ಕಡಿಮೆಯಾಗಿ ಎರಿ ಬರಿದಾದ ಕಡೆ ನುಗ್ಗುತ್ತದೆ. ಉಪಾಯ ಒಂದೇ: ಹುಳ ಮುಚ್ಚಿಕೊಳ್ಳುವಷ್ಟೇ ಎರಿ ಒಳಗೆ ಬಿಟ್ಟು ಉಳಿದದ್ದನ್ನು ತೆಗೆಯಿರಿ. ವಾರಕ್ಕೊಮ್ಮೆ ತಳದ ಹಲಗೆಯ ಕಸ ಕೆರೆದು ಹಾಕಿ. ಆ ಕಸದಲ್ಲೇ ಅದರ ಮರಿ ಇರುತ್ತದೆ.

ಅಕ್ಕಪಕ್ಕದವರು

ಪೆಟ್ಟಿಗೆ ತರುವ ಮೊದಲೇ ಹೇಳಿ. ನಾನು ತಂದಮೇಲೆ ಹೇಳಿದೆ, ಸ್ವಲ್ಪ ಮಾತು ಕೇಳಬೇಕಾಯಿತು. ಯಾರ ಮನೆಯಲ್ಲಾದರೂ ಜೇನಿನ ಅಲರ್ಜಿ ಇರುವವರು ಇದ್ದರೆ ತಾರಸಿಯ ಆಸೆ ಬಿಟ್ಟು ಊರಾಚೆ ತೋಟ ನೋಡಿಕೊಳ್ಳಿ.

ಸೊಳ್ಳೆಗೆ ಹೊಗೆ ಬಿಡುವ ಗಾಡಿ ಬೀದಿಗೆ ಬರುವುದು ಸಾಮಾನ್ಯವಾಗಿ ಸಂಜೆ. ಸದ್ದು ಕೇಳಿದ ಕೂಡಲೇ ಬಾಗಿಲಿಗೆ ಜಾಲರಿ ಹಾಕಿ ಮೇಲೆ ಒದ್ದೆ ಬಟ್ಟೆ ಹೊದಿಸುತ್ತೇನೆ, ಒಂದು ಗಂಟೆ ಬಿಟ್ಟು ತೆಗೆಯುತ್ತೇನೆ. ಹಿಂದಿನ ಬೀದಿಯ ಹುಡುಗ ಅಲ್ಲಿಂದಲೇ "ಆಂಟೀ, ಗಾಡಿ" ಅಂತ ಕೂಗುತ್ತಾನೆ. ಅವನಿಗೆ ಒಂದು ಬಾಟಲಿ ತುಪ್ಪ ಖಾಯಂ.

ತುಪ್ಪ

ಮೊದಲ ವರ್ಷ ತೆಗೆಯಬೇಡಿ. ಎರಡನೇ ವರ್ಷ ಹೊಂಗೆ ಮುಗಿಯುವ ಹೊತ್ತಿಗೆ ಮೇಲಿನ ತುಪ್ಪದ ಕೋಣೆಯಿಂದ ಮಾತ್ರ ತೆಗೆಯಿರಿ. ಕೆಳಗಿನ ಸಂಸಾರದ ಕೋಣೆ (ರಾಣಿ, ಮರಿ ಇರುವುದು) ಮುಟ್ಟಬೇಡಿ. ಎರಿಯಲ್ಲಿ ಮುಕ್ಕಾಲು ಪಾಲು ಕೋಶಕ್ಕೆ ಮೇಣದ ಮುಚ್ಚಳ ಬಿದ್ದಿರಬೇಕು. ಬೀಳದಿದ್ದರೆ ನೀರಿನಂಶ ಜಾಸ್ತಿ, ಬಾಟಲಿಯಲ್ಲಿ ನೊರೆ ಬಂದು ಹುಳಿಯಾಗುತ್ತದೆ. ನನಗೆ ಒಂದು ಪೆಟ್ಟಿಗೆಯಿಂದ ಸಿಕ್ಕಿದ್ದು 2 ಕಿಲೋ 300 ಗ್ರಾಂ. ಊರಿನ ಲೆಕ್ಕದಲ್ಲಿ ಅದು ಕಡಿಮೆಯೇ.

ಕೆಲಸವೆಲ್ಲ ಕಿಟಕಿ ಬಾಗಿಲು ಹಾಕಿದ ಕೋಣೆಯೊಳಗೆ. ಬಿಸಿನೀರಲ್ಲಿ ಅದ್ದಿ ಒರೆಸಿದ ಚಾಕುವಿನಲ್ಲಿ ಮುಚ್ಚಳ ಸವರಿ, ಕೈಯಲ್ಲಿ ತಿರುಗಿಸುವ ಯಂತ್ರದಲ್ಲಿ ಎದುರುಬದುರು ತೂಕ ಸಮ ಇರುವ ಎರಿ ಇಟ್ಟು ಮೆಲ್ಲಗೆ ತಿರುಗಿಸಿ. ಬಿಳಿ ಬಟ್ಟೆಯಲ್ಲಿ ಸೋಸಿ. ಕಾಯಿಸಬೇಡಿ. ಒಂದು ದಿನ ಬಿಟ್ಟರೆ ಮೇಣದ ಚೂರು ಮೇಲೆ ಬರುತ್ತದೆ, ಚಮಚದಲ್ಲಿ ತೆಗೆದರಾಯಿತು. ಮನೆಯಲ್ಲಿ ಎಳೆ ಮಗು ಇದ್ದರೆ ಒಂದು ವರ್ಷ ತುಂಬುವ ತನಕ ನೆಕ್ಕಿಸಬೇಡಿ. ನಮ್ಮಲ್ಲಿ ಹುಟ್ಟಿದ ಮಗುವಿನ ನಾಲಿಗೆಗೆ ತಾಗಿಸುವ ಪದ್ಧತಿ ಇದೆ, ಈಗ ಮಕ್ಕಳ ಡಾಕ್ಟರೇ ಬೇಡ ಅನ್ನುತ್ತಾರೆ.

ಖಾಲಿ ಎರಿಗಳಲ್ಲಿ ಅಂಟು ಉಳಿದಿರುತ್ತದೆ. ಅದನ್ನು ತೊಳೆಯಬೇಡಿ, ಹೊರಗೂ ಇಡಬೇಡಿ. ಸೂರ್ಯ ಮುಳುಗಿದ ಮೇಲೆ ಯಾವ ಪೆಟ್ಟಿಗೆಯದು ಆ ಪೆಟ್ಟಿಗೆಗೇ ವಾಪಸ್ ಇಳಿಸಿ. ಬೆಳಿಗ್ಗೆ ನೋಡುವಾಗ ಒರೆಸಿಟ್ಟ ಹಾಗೆ ಒಣಗಿರುತ್ತದೆ.